ಘಟ್ಟ ಎಷ್ಟು ಸಲ ಇಳಿಯಬೇಕು?

ಮೂವತ್ತೊಂಬತ್ತು, ಇಪ್ಪತ್ತು, ಐದು. ಪ್ರಾಸ್ಟೇಟ್ ಕ್ಯಾನ್ಸರಿಗೆ ಹೊರಗಿನಿಂದ ವಿಕಿರಣ ಕೊಡುವ ಮೂರು ಪದ್ಧತಿಗಳಲ್ಲಿ ರೋಗಿ ಎಷ್ಟು ಸಲ ಯಂತ್ರದ ಕೆಳಗೆ ಮಲಗಬೇಕು ಎಂಬುದರ ಲೆಕ್ಕ ಇದು. ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಮನೆ ಇರುವವರಿಗೆ ಈ ವ್ಯತ್ಯಾಸ ಆಟೋ ಬಾಡಿಗೆಯಲ್ಲಿ ಮುಗಿದುಹೋಗುತ್ತದೆ. ಘಟ್ಟದ ಮೇಲಿನ ಕಳಸದವರಿಗೆ ಹಾಗಲ್ಲ. ಸಂಸೆ, ಕುದುರೆಮುಖ, ಎಸ್.ಕೆ. ಬಾರ್ಡರ್ ದಾಟಿ, ಮಾಳ ಘಾಟಿ ಇಳಿದು, ಬಜಗೋಳಿ, ಕಾರ್ಕಳದ ಮೇಲೆ ಮಂಗಳೂರು ಮುಟ್ಟಲು ಸುಮಾರು 120 ಕಿಲೋಮೀಟರ್. ದಿನಾ ಹೋಗಿಬರುತ್ತೇನೆ ಎಂದು ಹಟ ಹಿಡಿದರೆ 39 ಸಲಕ್ಕೆ ಒಂಬತ್ತು ಸಾವಿರ ಕಿಲೋಮೀಟರ್ ದಾಟುತ್ತದೆ. 20 ಸಲಕ್ಕೆ ಐದು ಸಾವಿರದ ಹತ್ತಿರ. ಐದು ಸಲಕ್ಕೆ ಸಾವಿರದ ಇನ್ನೂರು. ಮಣಿಪಾಲಕ್ಕೆ ಹೋದರೂ ಲೆಕ್ಕ ಹೆಚ್ಚು ಬದಲಾಗದು.

ಯಾರೂ ದಿನಾ ಹೋಗಿಬರುವುದಿಲ್ಲ, ಸರಿ. ಆಸ್ಪತ್ರೆಯ ಹತ್ತಿರ ರೂಮು ಹಿಡಿಯುತ್ತಾರೆ, ನೆಂಟರ ಮನೆಯಲ್ಲಿ ಉಳಿಯುತ್ತಾರೆ, ಇಲ್ಲವೇ ಬೆಂಗಳೂರಿನ ಮಗನ ಫ್ಲಾಟಿಗೆ ಹೋಗುತ್ತಾರೆ. ಆದರೆ ವಾರಕ್ಕೆ ಐದು ದಿನದಂತೆ 39 ಎಂದರೆ ಎಂಟು ವಾರ. ಅಷ್ಟು ದಿನ ತೋಟ ಯಾರು ನೋಡಬೇಕು, ದನ ಯಾರು ಕಟ್ಟಬೇಕು? ಲೈನ್ ಮನೆಯಲ್ಲಿರುವ ತೋಟದ ಕಾರ್ಮಿಕನಿಗಂತೂ ಎಂಟು ವಾರದ ಕೂಲಿ ಹೋದಂತೆ. ಮೇಲೆ ಮಳೆಗಾಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ತಿಂಗಳುಗಟ್ಟಲೆ ಬಸ್ಸು ನಿಂತಾಗ ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯವರಿಗೆ ಮಂಗಳೂರು ಪರದೇಶವೇ ಆಗಿತ್ತು. ವಿಕಿರಣ ಚಿಕಿತ್ಸೆ ಶುರುವಾದ ಮೇಲೆ ನಡುವೆ ದಿನಗಟ್ಟಲೆ ತಪ್ಪಿಸಬಾರದು. ತಪ್ಪಿದ್ದನ್ನು ಸರಿದೂಗಿಸಲು ವೈದ್ಯರು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.

ಆದರೂ ಡಾಕ್ಟರ ಮುಂದೆ ಕೂತಾಗ ಬರುವ ಮೊದಲ ಪ್ರಶ್ನೆ ಬಹುತೇಕ ಮಗನದು: ‘ಸರ್, ಇದಕ್ಕಿಂತ ಹೊಸ ಮಿಷನ್ ಎಲ್ಲಿದೆ?’ ಪಕ್ಕದಲ್ಲಿ ಕೂತ ಅಪ್ಪನದು ಬೇರೆ: ‘ಎಷ್ಟು ದಿನ ತೋಟ ಬಿಟ್ಟಿರ್ಬೇಕು ಡಾಕ್ಟ್ರೇ?’ ನನ್ನ ಮಟ್ಟಿಗೆ ಅಪ್ಪನ ಪ್ರಶ್ನೆಯೇ ಸರಿಯಾದದ್ದು. ಗ್ರಂಥಿ ಬಿಟ್ಟು ಹರಡದ ಪ್ರಾಸ್ಟೇಟ್ ಕ್ಯಾನ್ಸರನ್ನು ಹತೋಟಿಗೆ ತರುವುದರಲ್ಲಿ ಇವತ್ತಿನ ಒಳ್ಳೆಯ ವಿಕಿರಣ ಪದ್ಧತಿಗಳ ನಡುವೆ ಅಂತರ ತೀರಾ ಕಡಿಮೆ. ಅಂತರ ಇರುವುದು ಎಷ್ಟು ಸಲ ಹೋಗಬೇಕು ಎನ್ನುವುದರಲ್ಲಿ ಮತ್ತು ಆಮೇಲಿನ ತೊಂದರೆ ಮೂತ್ರದ ಕಡೆಗೆ ಬರುತ್ತದೋ ಮಲದ ಕಡೆಗೋ ಎನ್ನುವುದರಲ್ಲಿ. ಅದನ್ನು ತೀರ್ಮಾನಿಸಲು ಯಂತ್ರದ ಕಂಪನಿಯ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ಮಾಹಿತಿ ಒಂದಿದೆ: ಈಗ ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳುತ್ತೀರಿ?

ಅಪ್ಪನ ಆ ಪ್ರಶ್ನೆ ಈ ಕಡೆ ಈಗ ಹೆಚ್ಚು ಕೇಳಿಬರಲು ಕಾರಣವೂ ಇದೆ. ಪ್ರಾಸ್ಟೇಟ್ ಕ್ಯಾನ್ಸರ್ ವಯಸ್ಸಾದವರ ಕಾಯಿಲೆ. ಹೆಚ್ಚಿನವರಲ್ಲಿ ಪತ್ತೆಯಾಗುವುದು 65 ದಾಟಿದ ಮೇಲೆ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ. ಆಗ ಇಪ್ಪತ್ತೈದು, ಮೂವತ್ತರ ಹುಡುಗರಾಗಿ ಬಂದು ಸೇರಿದವರಿಗೆ ಈಗ ಎಪ್ಪತ್ತು ಮೀರಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು, ಊರು ಖಾಲಿಯಾಯಿತು. ಅದಿರಿನ ಕೆಸರು 67 ಕಿಲೋಮೀಟರ್ ಕೊಳವೆಯಲ್ಲಿ ತಾನಾಗಿ ಪಣಂಬೂರಿಗೆ ಇಳಿದುಹೋಗುತ್ತಿತ್ತು. ಮನುಷ್ಯರಿಗೆ ಇವತ್ತಿಗೂ ಅದೇ ತಿರುವುಗಳ ರಸ್ತೆ. ಸುತ್ತಲ ಕಾಫಿ, ಅಡಿಕೆ ತೋಟಗಳ ಮನೆಗಳಲ್ಲೂ ಉಳಿದಿರುವುದು ಹೆಚ್ಚಾಗಿ ಇದೇ ವಯಸ್ಸಿನ ಗಂಡ ಹೆಂಡಿರು.

ಎಲ್ಲಿ ಏನಿದೆ

ಪ್ರಾಸ್ಟೇಟ್ ಎಂಬುದು ಗಂಡಸರಿಗೆ ಮಾತ್ರ ಇರುವ, ಹರೆಯದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟಿರುವ ಗ್ರಂಥಿ. ಮೇಲೆ ಮೂತ್ರಕೋಶ, ಹಿಂದೆ ಗುದನಾಳ, ನಟ್ಟನಡುವೆ ಹಾದುಹೋಗುವ ಮೂತ್ರನಾಳ, ಎರಡೂ ಬದಿಗೆ ನಿಮಿರುವಿಕೆಗೆ ಬೇಕಾದ ನರಗಳು. ವಿಕಿರಣ ಚಿಕಿತ್ಸೆಯ ಅಡ್ಡಪರಿಣಾಮಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ಈ ನೆರೆಹೊರೆ ನೆನಪಿದ್ದರೆ ಸಾಕು. ಕಿರಣ ಗ್ರಂಥಿಯ ಮೇಲೇ ಬಿದ್ದರೂ ಅಂಚಿನಲ್ಲಿ ಇವರಿಗೂ ಸ್ವಲ್ಪ ತಾಗುತ್ತದೆ. ಮೂತ್ರನಾಳವನ್ನಂತೂ ತಪ್ಪಿಸುವ ದಾರಿಯೇ ಇಲ್ಲ, ಅದು ಒಳಗೇ ಇದೆ.

ಪಿಎಸ್‌ಎ ಎಂಬ ರಕ್ತಪರೀಕ್ಷೆ, ಎಂಆರ್‌ಐ, ಬಯಾಪ್ಸಿಯಲ್ಲಿ ಸಿಗುವ ಗ್ಲೀಸನ್ ಅಂಕ ಇವನ್ನಿಟ್ಟುಕೊಂಡು ಅಪಾಯವನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡಿಸುತ್ತಾರೆ. ಪಿಎಸ್‌ಎ 10ಕ್ಕಿಂತ ಕೆಳಗೆ, ಗ್ಲೀಸನ್ 6, ಗಂಟು ಗ್ರಂಥಿಯೊಳಗೇ ಪುಟ್ಟದಾಗಿದ್ದರೆ ಕಡಿಮೆ. ಪಿಎಸ್‌ಎ 20 ದಾಟಿದ್ದರೆ, ಗ್ಲೀಸನ್ 8 ಅಥವಾ ಮೇಲಿದ್ದರೆ, ಇಲ್ಲವೇ ಗ್ರಂಥಿಯ ಹೊದಿಕೆ ದಾಟಿದ್ದರೆ ಹೆಚ್ಚು. ಕಡಿಮೆ ಅಪಾಯದ ಗುಂಪಿನವರಿಗೆ ಕೆಲವೊಮ್ಮೆ ಚಿಕಿತ್ಸೆಯೇ ಬೇಕಾಗಿಲ್ಲ, ನಿಗಾ ಸಾಕು. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಗಂಡಸರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಮೂರು ಗುಂಪು ಮಾಡಿ ಹದಿನೈದು ವರ್ಷ ಹಿಂಬಾಲಿಸಿದರು. 2023ರಲ್ಲಿ ಬಂದ ಫಲಿತಾಂಶ ನೋಡಿದರೆ ಮೂರೂ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ಸತ್ತವರು ನೂರಕ್ಕೆ ಮೂವರ ಆಸುಪಾಸು. ಆದರೆ ಅವರೆಲ್ಲ ರಕ್ತಪರೀಕ್ಷೆಯಲ್ಲಿ ಬೇಗ ಸಿಕ್ಕಿಬಿದ್ದವರು. ನಮ್ಮಲ್ಲಿ ಮೂತ್ರ ಕಟ್ಟಿಕೊಂಡ ಮೇಲೆ, ಬೆನ್ನು ಮೂಳೆ ನೋಯಲು ಶುರುವಾದ ಮೇಲೆ ಬರುವವರು ಇನ್ನೂ ಬಹಳ. ಆ ಸಮಾಧಾನವನ್ನು ಎಲ್ಲರಿಗೂ ಹಂಚುವಂತಿಲ್ಲ.

ಅದೇ ಅಧ್ಯಯನ ಶಸ್ತ್ರಚಿಕಿತ್ಸೆ ಮತ್ತು ವಿಕಿರಣದ ನಡುವಿನ ಅಡ್ಡಪರಿಣಾಮದ ಲೆಕ್ಕವನ್ನೂ ರೋಗಿಗಳ ಬಾಯಿಂದಲೇ ಬರೆಸಿಕೊಂಡಿತ್ತು. ಆರು ತಿಂಗಳ ಹೊತ್ತಿಗೆ ಮೂತ್ರ ಸೋರಿ ಪ್ಯಾಡ್ ಇಟ್ಟುಕೊಳ್ಳಬೇಕಾದವರು ಶಸ್ತ್ರಚಿಕಿತ್ಸೆಯವರಲ್ಲಿ ನೂರಕ್ಕೆ 46, ವಿಕಿರಣದವರಲ್ಲಿ 5. ಆರು ವರ್ಷಕ್ಕೆ ಅದು 17 ಮತ್ತು 4. ಮಲದ ತೊಂದರೆ, ಮಲದಲ್ಲಿ ರಕ್ತ ಕಾಣುವುದು ವಿಕಿರಣದವರಲ್ಲೇ ಹೆಚ್ಚು. ಶಸ್ತ್ರಚಿಕಿತ್ಸೆಯ ಬಗ್ಗೆ ಇಷ್ಟೇ. ಇಲ್ಲಿಂದ ಮುಂದೆ ವಿಕಿರಣವನ್ನೇ ಆರಿಸಿಕೊಂಡವರ ಮಾತು.

ಎಂಟು ವಾರ ಹೇಗೆ ನಾಲ್ಕಾಯಿತು

ಹೊರಗಿನ ವಿಕಿರಣ, ಜನರ ಬಾಯಲ್ಲಿ ‘ಕರೆಂಟ್ ಕೊಡಿಸೋದು’, ಬರುವುದು ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದಿಂದ. ಹೆಚ್ಚು ಶಕ್ತಿಯ ಎಕ್ಸ್‌ರೇ ಅದು. ಐಎಂಆರ್‌ಟಿ, ವಿಮ್ಯಾಟ್, ಐಜಿಆರ್‌ಟಿ ಎಂದು ಚೀಟಿಯಲ್ಲಿ ಬರೆದಿರುವುದು ಬೇರೆ ಬೇರೆ ಯಂತ್ರಗಳ ಹೆಸರಲ್ಲ. ಕಿರಣದ ಆಕಾರವನ್ನು ಗ್ರಂಥಿಗೆ ಹೊಂದಿಸುವ, ಪ್ರತಿಸಲ ಸ್ಕ್ಯಾನ್ ಮಾಡಿ ಗುರಿ ಸರಿಪಡಿಸುವ ವಿಧಾನಗಳು. ಈ ಸೌಲಭ್ಯ ಮಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೇ ಇದೆ. ಬೆಂಗಳೂರಿಗೆ ಹೋದರಷ್ಟೇ ಉಂಟು ಎಂಬ ಕಾಲ ಹೋಗಿದೆ.

ಹಳೆಯ ಪದ್ಧತಿಯಲ್ಲಿ ದಿನಕ್ಕೆ 2 ಗ್ರೇ (ವಿಕಿರಣದ ಅಳತೆ) ಲೆಕ್ಕದಲ್ಲಿ 39 ದಿನ, ಒಟ್ಟು 78 ಗ್ರೇ. ಆರೋಗ್ಯವಂತ ಅಂಗಾಂಶ ಚೇತರಿಸಿಕೊಳ್ಳಲಿ ಎಂದು ಸಣ್ಣ ಸಣ್ಣ ಪ್ರಮಾಣ. ಆದರೆ ಪ್ರಾಸ್ಟೇಟ್ ಕ್ಯಾನ್ಸರಿನ ಗುಣವೇ ಬೇರೆ: ನಿಧಾನವಾಗಿ ಬೆಳೆಯುವ ಈ ಜೀವಕೋಶಗಳಿಗೆ ಸಣ್ಣ ಪೆಟ್ಟು ಹಲವು ಸಲ ಬೀಳುವುದಕ್ಕಿಂತ ದೊಡ್ಡ ಪೆಟ್ಟು ಕೆಲವೇ ಸಲ ಬಿದ್ದರೆ ಹೆಚ್ಚು ಹಾನಿ. ಹಾಗಾಗಿ ಒಟ್ಟು ಪ್ರಮಾಣ ಇಳಿಸಿ ದಿನದ ಪ್ರಮಾಣ ಏರಿಸಿದರು. ಬ್ರಿಟನ್ನಿನ ಚಿಪ್ ಅಧ್ಯಯನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಗಂಡಸರು. 2016ರಲ್ಲಿ ಫಲಿತಾಂಶ ಬಂತು. 37 ದಿನ 74 ಗ್ರೇ ಪಡೆದವರಲ್ಲಿ ಐದು ವರ್ಷ ಕಾಯಿಲೆ ಮರುಕಳಿಸದೆ ಉಳಿದವರು ನೂರಕ್ಕೆ 88.3, 20 ದಿನ 60 ಗ್ರೇ ಪಡೆದವರಲ್ಲಿ 90.6. ಅಡ್ಡಪರಿಣಾಮವೂ ಐದು ವರ್ಷಕ್ಕೆ ಹೆಚ್ಚುಕಡಿಮೆ ಒಂದೇ. 20 ದಿನದವರಿಗೆ ಹೊಟ್ಟೆಯ ತೊಂದರೆ ಸ್ವಲ್ಪ ಬೇಗ, ನಾಲ್ಕೈದನೇ ವಾರದಲ್ಲೇ ಏರಿ ಇಳಿಯಿತು, ಅಷ್ಟೇ. ಇವತ್ತು ಒಬ್ಬ ಸಾಮಾನ್ಯ ರೋಗಿಗೆ 39 ದಿನ ಬರೆದಿದ್ದರೆ, ‘ನನಗೆ 20 ಯಾಕಾಗಲ್ಲ?’ ಎಂದು ಕೇಳುವ ಹಕ್ಕಿದೆ. ಕೆಲವೊಮ್ಮೆ ಕಾರಣ ಇರುತ್ತದೆ: ಹಿಂದೆ ಆದ ಆಪರೇಷನ್, ಕರುಳಿನ ಕಾಯಿಲೆ, ದುಗ್ಧಗ್ರಂಥಿಗಳನ್ನೂ ಸೇರಿಸಬೇಕಾದ ಪರಿಸ್ಥಿತಿ. ಕಾರಣ ಇದ್ದರೆ ವೈದ್ಯರು ಹೇಳುತ್ತಾರೆ.

ದುಗ್ಧಗ್ರಂಥಿಗಳ ವಿಚಾರ ಬಂದಾಗ ಹೊರದೇಶದ ಕಡೆ ನೋಡಬೇಕಾಗಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ವೇದಾಂಗ್ ಮೂರ್ತಿ ಮತ್ತು ಸಂಗಡಿಗರು ಹೆಚ್ಚು ಅಪಾಯದ 224 ರೋಗಿಗಳ ಮೇಲೆ ನಡೆಸಿದ ಪಾಪ್-ಆರ್‌ಟಿ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಗ್ರಂಥಿಯ ಜೊತೆಗೆ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳಿಗೂ ವಿಕಿರಣ ಕೊಟ್ಟ ಗುಂಪಿನಲ್ಲಿ ಐದು ವರ್ಷ ಪಿಎಸ್‌ಎ ಮತ್ತೆ ಏರದೆ ಉಳಿದವರು ನೂರಕ್ಕೆ 95. ಗ್ರಂಥಿಗೆ ಮಾತ್ರ ಕೊಟ್ಟವರಲ್ಲಿ 81. ಅದೂ 25 ದಿನದಲ್ಲಿ. ಬೆಲೆಯಾಗಿ ಮೂತ್ರದ ತೊಂದರೆ ಕೊಂಚ ಹೆಚ್ಚು. ಹೆಚ್ಚು ಅಪಾಯದವರಿಗೆ ನಾನಾದರೆ ಆ ಬೆಲೆ ಕೊಡಬಹುದೆನ್ನುತ್ತೇನೆ.

ಇನ್ನು ಐದು ಸಲದ ಪದ್ಧತಿ. ಎಸ್‌ಬಿಆರ್‌ಟಿ ಎಂದು ಕರೆಯುವ ಇದರಲ್ಲಿ ದಿನ ಬಿಟ್ಟು ದಿನ ಐದು ಸಲ, ಒಟ್ಟು 36.25 ಗ್ರೇ. ಸೈಬರ್‌ನೈಫ್ ಎಂಬ ರೋಬೋ ತೋಳಿನ ಯಂತ್ರದಲ್ಲೂ ಕೊಡಬಹುದು, ಒಳ್ಳೆಯ ಸಾಮಾನ್ಯ ಆಕ್ಸಿಲರೇಟರಿನಲ್ಲೂ ಕೊಡಬಹುದು. 2024ರಲ್ಲಿ ಪ್ರಕಟವಾದ ಪೇಸ್-ಬಿ ಅಧ್ಯಯನದಲ್ಲಿ ಕಡಿಮೆ ಮತ್ತು ಮಧ್ಯಮ ಅಪಾಯದ 874 ಗಂಡಸರಿದ್ದರು. ಐದು ವರ್ಷ ಕಾಯಿಲೆ ಮರಳದವರು ಐದು ಸಲದ ಗುಂಪಿನಲ್ಲಿ ನೂರಕ್ಕೆ 95.8, ಹೆಚ್ಚು ದಿನದ ಗುಂಪಿನಲ್ಲಿ 94.6. ಇಲ್ಲಿಗೆ ನಿಲ್ಲಿಸಿದರೆ ಕಳಸದವರು ಎರಡನೇ ಯೋಚನೆ ಇಲ್ಲದೆ ಐದಕ್ಕೇ ಕೈ ಎತ್ತಬೇಕು. ಆದರೆ ಮುಂದಿನ ಸಾಲು ಓದಬೇಕು: ಔಷಧಿ ಬೇಕಾಗುವಷ್ಟು ಮೂತ್ರದ ತೊಂದರೆ ಐದು ವರ್ಷದೊಳಗೆ ಒಮ್ಮೆಯಾದರೂ ಕಂಡವರು ಐದು ಸಲದವರಲ್ಲಿ ನೂರಕ್ಕೆ ಸುಮಾರು 27, ಉಳಿದವರಲ್ಲಿ 18. ಮಲದ ತೊಂದರೆ ಎರಡರಲ್ಲೂ 10ರ ಆಸುಪಾಸು. ಅಂದರೆ ಈಗಾಗಲೇ ರಾತ್ರಿ ನಾಲ್ಕು ಸಲ ಏಳುವ, ಧಾರೆ ಸಣ್ಣಗಾಗಿರುವ, ಗ್ರಂಥಿ ದೊಡ್ಡದಾಗಿ ಊದಿರುವ ಮನುಷ್ಯನಿಗೆ ಹದಿನೈದು ಘಟ್ಟ ಉಳಿಸುವುದಕ್ಕಿಂತ ಮೂತ್ರಕೋಶ ಉಳಿಸುವುದು ಮುಖ್ಯವಾಗಬಹುದು. ಮೂತ್ರ ಸಲೀಸಾಗಿ ಹೋಗುವವನಿಗೆ ಐದು ಸಲವೇ ಒಳ್ಳೆಯದು. ಇಬ್ಬರೂ ಒಂದೇ ಊರಿನವರು, ಒಂದೇ ಪಿಎಸ್‌ಎ, ಉತ್ತರ ಬೇರೆ.

ಹೆಚ್ಚಾಗಿ ಮಧ್ಯಮ ಅಪಾಯದವರೇ ಇರುವ ಗುಂಪಿನಲ್ಲೂ ಸಲಗಳನ್ನು ಇಳಿಸಬಹುದೇ ಎನ್ನುವುದಕ್ಕೆ ಸ್ವೀಡನ್, ಡೆನ್ಮಾರ್ಕಿನಲ್ಲಿ ಏಳು ಸಲದ ಅಧ್ಯಯನ 2019ರಲ್ಲೇ ಒಳ್ಳೆಯ ಉತ್ತರ ಕೊಟ್ಟಿದೆ: ಐದು ವರ್ಷಕ್ಕೆ 39 ಸಲದವರೂ ಏಳು ಸಲದವರೂ ಸರಿಸಮ, ನೂರಕ್ಕೆ 84.

ತುಂಬಿದ ಮೂತ್ರಕೋಶ, ಖಾಲಿ ಹೊಟ್ಟೆ

ಯಂತ್ರದ ಕೆಳಗೆ ಮಲಗುವುದು ನೋವಿನ ಕೆಲಸವಲ್ಲ. ಬಿಸಿ ತಾಗುವುದಿಲ್ಲ, ಉರಿಯುವುದಿಲ್ಲ, ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಅದರ ಹಿಂದಿನ ಒಂದು ಗಂಟೆಯಲ್ಲಿ. ಮೊದಲ ದಿನ ಸಿಟಿ ಸ್ಕ್ಯಾನ್ ಮಾಡಿ, ಸೊಂಟದ ಮೇಲೆ ಸಾಸಿವೆಯಷ್ಟೇ ಹಚ್ಚೆ ಚುಕ್ಕಿ ಇಟ್ಟು ಗುರುತು ಮಾಡಿರುತ್ತಾರೆ. ಆಮೇಲೆ ಪ್ರತಿಸಲವೂ ಶರೀರದ ಒಳಗಿನ ಸ್ಥಿತಿ ಆ ಮೊದಲ ದಿನದಂತೆಯೇ ಇರಬೇಕು: ಗುದನಾಳ ಖಾಲಿ, ಮೂತ್ರಕೋಶ ಭರ್ತಿ. ತುಂಬಿದ ಮೂತ್ರಕೋಶ ಸಣ್ಣ ಕರುಳನ್ನು ಮೇಲಕ್ಕೆ ತಳ್ಳಿ ಕಿರಣದ ದಾರಿಯಿಂದ ಆಚೆ ಇಡುತ್ತದೆ. ಗುದನಾಳದಲ್ಲಿ ಗಾಳಿ ತುಂಬಿದ್ದರೆ ಪ್ರಾಸ್ಟೇಟ್ ಮುಂದಕ್ಕೆ ಸರಿದು ಗುರಿ ತಪ್ಪುತ್ತದೆ. ಹಾಗಾಗಿ ಮಲ ವಿಸರ್ಜನೆ ಮಾಡಿ, ಮೂತ್ರಕ್ಕೆ ಹೋಗಿ ಬಂದು, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ಕಾಯಬೇಕು.

ಟೆಕ್ನಿಷಿಯನ್ ಹುಡುಗಿ ಹೊರಗೆ ಬಂದು ಕೇಳುತ್ತಾಳೆ: ‘ಅಜ್ಜ, ನೀರು ಕುಡಿದು ಎಷ್ಟು ಹೊತ್ತಾಯ್ತು?’

‘ಆಗ್ಲೇ ಆಯ್ತು ಮಾರಾಯ್ತಿ, ಇನ್ನು ತಡ್ಯಕ್ಕಾಗಲ್ಲ.’

‘ಇನ್ನೊಂದು ಪೇಷಂಟ್ ಇದ್ದಾರೆ ಅಜ್ಜ, ಹತ್ತು ನಿಮಿಷ.’

ಆ ಹತ್ತು ನಿಮಿಷ ಎಪ್ಪತ್ತೆರಡರ ಗಂಡಸಿಗೆ ಎಷ್ಟು ಉದ್ದ ಎಂಬುದು ಕಾಯುವ ಬೆಂಚಿನ ಮೇಲೆ ಕೂತವರಿಗೇ ಗೊತ್ತು. ಒಳಗೆ ಹೋದ ಮೇಲೆ ಸ್ಕ್ಯಾನಿನಲ್ಲಿ ಗಾಳಿ ಕಂಡರೆ ಎಬ್ಬಿಸಿ, ‘ವರಾಂಡದಲ್ಲಿ ನಾಲ್ಕು ಸುತ್ತು ನಡೆದು ಬನ್ನಿ’ ಎಂದು ಕಳಿಸುವುದೂ ಉಂಟು. ಮಲೆನಾಡಿನವರಿಗೆ ಇಲ್ಲೊಂದು ಪಥ್ಯದ ಸಂಕಟ. ಚಿಕಿತ್ಸೆ ಮುಂಗಾರಿನಲ್ಲಿ ಬಿದ್ದರೆ ಹಲಸಿನ ಹಣ್ಣಿನ ಕಾಲ, ಕಳಲೆಯ ಕಾಲ. ಎರಡೂ ಹೊಟ್ಟೆಯಲ್ಲಿ ಗಾಳಿ ತುಂಬಿಸುವುದರಲ್ಲಿ ನಿಸ್ಸೀಮ. ಆ ನಾಲ್ಕು ವಾರ ಬಿಡಬೇಕು. ಘಟ್ಟದ ಮೇಲಿಂದ ಅದೇ ದಿನ ಬರುವವರು ನೀರನ್ನು ದಾರಿಯಲ್ಲೇ ಕುಡಿದು ಬರುವ ಜಾಣತನ ಮಾಡುವುದು ಬೇಡ. ತಿರುವಿನ ಬಸ್ಸಿನಲ್ಲಿ ಅದು ನಡೆಯುವ ಮಾತಲ್ಲ, ಎಷ್ಟು ಹೊತ್ತಿಗೆ ಎಷ್ಟು ತುಂಬಿತು ಎಂಬ ಲೆಕ್ಕವೂ ತಪ್ಪುತ್ತದೆ. ಆಸ್ಪತ್ರೆ ಮುಟ್ಟಿದ ಮೇಲೆ ಶುರುಮಾಡುವುದೇ ಸರಿ.

ಮೊದಲ ಎರಡು ವಾರ ಬಹುತೇಕರಿಗೆ ಏನೂ ಗೊತ್ತಾಗುವುದಿಲ್ಲ. ಮೂರನೇ ವಾರದಿಂದ ಮೂತ್ರ ಉರಿ, ಅವಸರ, ರಾತ್ರಿ ಎದ್ದೇಳುವುದು ಹೆಚ್ಚು. ಮಲ ತೆಳು, ಲೋಳೆ, ಹೋಗಿ ಬಂದರೂ ಮತ್ತೆ ಹೋಗಬೇಕೆನ್ನುವ ಭಾವನೆ. ಮಧ್ಯಾಹ್ನದ ಹೊತ್ತು ಕೈಕಾಲು ಸೋತ ಹಾಗೆ. ಚಿಕಿತ್ಸೆ ಮುಗಿದ ನಾಲ್ಕರಿಂದ ಆರು ವಾರದಲ್ಲಿ ಇವೆಲ್ಲ ಹೆಚ್ಚಿನವರಲ್ಲಿ ಇಳಿಯುತ್ತವೆ. ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಧಾರೆ ಸಲೀಸು ಮಾಡುತ್ತದೆ. ತಲೆಕೂದಲು ಉದುರುವುದಿಲ್ಲ. ಹೊರಗಿನ ವಿಕಿರಣ ಪಡೆದವರ ಮೈಯಿಂದ ಬೇರೆಯವರಿಗೆ ಕಿರಣ ಬರುವುದೂ ಇಲ್ಲ. ಮೊಮ್ಮಗುವನ್ನು ಅದೇ ಸಂಜೆ ತೊಡೆಯ ಮೇಲೆ ಕೂರಿಸಿಕೊಳ್ಳಬಹುದು.

ಯಾರೂ ಕೇಳದ, ಯಾರೂ ಹೇಳದ ವಿಷಯ ಇನ್ನೊಂದು. ಮಾತು ಮಗನ ಜೊತೆಗೆ ನಡೆಯುತ್ತಿರುವಾಗ ಅಪ್ಪ ಅದನ್ನು ಹೇಗೆ ಕೇಳಿಯಾನು? ಪ್ರೊಟೆಕ್ಟ್ ಅಧ್ಯಯನದಲ್ಲಿ ಚಿಕಿತ್ಸೆಗೆ ಮುಂಚೆ ಮೂರರಲ್ಲಿ ಎರಡು ಪಾಲು ಗಂಡಸರಿಗೆ ಸಂಭೋಗಕ್ಕೆ ಸಾಕಾಗುವ ನಿಮಿರುವಿಕೆ ಇತ್ತು. ಆರು ತಿಂಗಳಿಗೆ ವಿಕಿರಣದವರಲ್ಲಿ ಅದು ನೂರಕ್ಕೆ 22ಕ್ಕೆ ಇಳಿದಿತ್ತು, ವಿಕಿರಣದ ಜೊತೆ ಕೊಟ್ಟ ಹಾರ್ಮೋನ್ ಇಂಜೆಕ್ಷನ್ನಿನ ಪಾಲೂ ಅದರಲ್ಲಿ ಸೇರಿ. ಶಸ್ತ್ರಚಿಕಿತ್ಸೆಯವರಲ್ಲಿ 12. ಆರು ವರ್ಷಕ್ಕೆ 27 ಮತ್ತು 17. ವೀರ್ಯ ಬಹುತೇಕ ಬತ್ತುತ್ತದೆ. ನಿಮಿರುವಿಕೆಗೆ ಮಾತ್ರೆಗಳು ಹಲವರಿಗೆ ಕೆಲಸ ಮಾಡುತ್ತವೆ, ಹೃದಯಕ್ಕೆ ನೈಟ್ರೇಟ್ ತೆಗೆದುಕೊಳ್ಳುವವರು ಮಾತ್ರ ಮುಟ್ಟುವಂತಿಲ್ಲ. ಗಂಡ ಹೆಂಡತಿ ಇಬ್ಬರೇ ಹತ್ತು ನಿಮಿಷ ವೈದ್ಯರ ಹತ್ತಿರ ಕೂರುವುದಕ್ಕೆ ಮಕ್ಕಳು ಹೊರಗೆ ಹೋಗಿ ಕಾಫಿ ಕುಡಿದು ಬಂದರೆ ಒಳ್ಳೆಯದು.

ಒಳಗಿಂದಲೇ ಕೊಡುವುದು

ಕಿರಣದ ಮೂಲವನ್ನೇ ಗ್ರಂಥಿಯೊಳಗೆ ಇಡುವ ಬ್ರಾಕಿಥೆರಪಿ ನೂರು ವರ್ಷಕ್ಕಿಂತ ಹಳೆಯದು. ರೇಡಿಯಂ ಸಿಕ್ಕ ಕೆಲವೇ ವರ್ಷಗಳಲ್ಲಿ ಪ್ಯಾರಿಸ್ಸಿನ ವೈದ್ಯರು ಮೂತ್ರನಾಳದ ಮೂಲಕ ಅದನ್ನು ಪ್ರಾಸ್ಟೇಟಿಗೆ ಮುಟ್ಟಿಸಿದ್ದರು. ಇವತ್ತು ಎರಡು ಬಗೆ. ಒಂದರಲ್ಲಿ ಅಯೋಡಿನ್-125 ತುಂಬಿದ, ಅರ್ಧ ಸೆಂಟಿಮೀಟರಿಗೂ ಕಡಿಮೆ ಉದ್ದದ ಹತ್ತಾರು ಟೈಟಾನಿಯಂ ಕಾಳುಗಳನ್ನು ಸೂಜಿಯಲ್ಲಿ ಒಳಗಿಟ್ಟು ಹಾಗೇ ಬಿಡುತ್ತಾರೆ. ಅರವತ್ತು ದಿನಕ್ಕೊಮ್ಮೆ ಅದರ ಬಲ ಅರ್ಧವಾಗುತ್ತಾ ಬಂದು ವರ್ಷದೊಳಗೆ ಬಹುತೇಕ ಇಲ್ಲವಾಗುತ್ತದೆ. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರವೇ ಈ ಕಾಳುಗಳನ್ನು ತಯಾರಿಸಿದೆ. ಒಂದೇ ಸಲ ಘಟ್ಟ ಇಳಿದರೆ ಮುಗಿಯಿತು. ಆದರೆ ಮೊದಲ ಎರಡು ತಿಂಗಳು ಚಿಕ್ಕ ಮಕ್ಕಳನ್ನು ತೊಡೆ ಮೇಲೆ ಹೆಚ್ಚು ಹೊತ್ತು ಕೂರಿಸಬಾರದು, ಬಸುರಿಯರ ಪಕ್ಕ ಅಂಟಿ ಕೂರಬಾರದು. ಗ್ರಂಥಿ ದೊಡ್ಡದಿರುವವರಿಗೆ, ಮೂತ್ರ ಈಗಾಗಲೇ ಕಷ್ಟದಲ್ಲಿರುವವರಿಗೆ ಇದು ಸಲ್ಲ; ಮೂತ್ರ ಪೂರ್ತಿ ಕಟ್ಟಿಕೊಂಡು ತಿಂಗಳುಗಟ್ಟಲೆ ಕ್ಯಾತಿಟರ್ ಹಾಕಿಕೊಳ್ಳಬೇಕಾಗಬಹುದು. ಕ್ಯಾತಿಟರ್ ಹಾಕಿದ ಮನುಷ್ಯ ಮಳೆಗಾಲದಲ್ಲಿ ಸಂಸೆಯ ಆಚೆ ಎಲ್ಲೋ ಒಂಟಿ ಮನೆಯಲ್ಲಿದ್ದರೆ ಏನು ಪಾಡು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದರಲ್ಲಿ ಇರಿಡಿಯಂ-192 ತುಣುಕನ್ನು ತೆಳು ಕೊಳವೆಗಳ ಮೂಲಕ ಕೆಲವು ನಿಮಿಷ ಒಳಗೆ ಓಡಾಡಿಸಿ ಹೊರಗೆ ತೆಗೆಯುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಬಳಸುವುದು ಇದೇ ಯಂತ್ರ. ಪ್ರಾಸ್ಟೇಟಿಗೆ ಬಳಸುವ ಕೈ ಪಳಗಿದವರು ಕಡಿಮೆ. ಹೊರಗಿನ ವಿಕಿರಣದ ಜೊತೆ ಒಳಗಿನದನ್ನೂ ಸೇರಿಸಿದರೆ ಹೆಚ್ಚು ಅಪಾಯದವರಲ್ಲಿ ಪಿಎಸ್‌ಎ ಹತೋಟಿ ಉತ್ತಮ. ಕೆನಡಾದ ಅಸೆಂಡ್-ಆರ್‌ಟಿ ಅಧ್ಯಯನ ಕಾಳುಗಳನ್ನು ಸೇರಿಸಿ ಇದನ್ನು ತೋರಿಸಿತು. ಆದರೆ ಆಯಸ್ಸು ಅದರಿಂದ ಹೆಚ್ಚಲಿಲ್ಲ, ತೀವ್ರ ಮೂತ್ರದ ತೊಂದರೆ ಮಾತ್ರ ನೂರಕ್ಕೆ 5ರಿಂದ 18ಕ್ಕೆ ಏರಿತು. ಮೂತ್ರನಾಳ ಗಾಯವಾಗಿ ಕಿರಿದಾಗುವುದೇ ಇದರಲ್ಲಿ ದೊಡ್ಡ ಪಾಲು.

ಪ್ರೋಟಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೆನ್ನೈನ ಅಪೋಲೋದಲ್ಲಿ 2019ರಿಂದ ಇದೆ, ಖರ್ಚು ಹಲವು ಪಟ್ಟು. ಅಮೆರಿಕದಲ್ಲಿ 450 ಗಂಡಸರ ಮೇಲೆ ನಡೆದ ಹೋಲಿಕೆಯಲ್ಲಿ, 2024ರಲ್ಲಿ ಹೇಳಿದಂತೆ, ಕ್ಯಾನ್ಸರ್ ಹತೋಟಿಯಲ್ಲೂ ಮಲದ ತೊಂದರೆಯಲ್ಲೂ ಸಾಮಾನ್ಯ ಐಎಂಆರ್‌ಟಿಗಿಂತ ಯಾವ ಮೇಲುಗೈಯೂ ಕಾಣಲಿಲ್ಲ. ಪ್ರಾಸ್ಟೇಟಿಗಾಗಿ ತೋಟ ಮಾರಿ ಅಲ್ಲಿಗೆ ಹೋಗುವ ಅಗತ್ಯವಿಲ್ಲ.

ಕುಯ್ಲಿನ ಮುಂಚೆಯೋ ಆಮೇಲೋ

ಕ್ಯಾನ್ಸರ್ ಎಂದ ಕೂಡಲೇ ನಾಳೆಯೇ ಶುರುವಾಗಬೇಕು ಎಂಬ ಗಾಬರಿ ಸಹಜ. ಪ್ರಾಸ್ಟೇಟಿನಲ್ಲಿ ಅಷ್ಟು ಅವಸರ ಸಾಮಾನ್ಯವಾಗಿ ಇರುವುದಿಲ್ಲ. ಮಧ್ಯಮ ಅಪಾಯದ ಹಲವರಿಗೂ ಹೆಚ್ಚು ಅಪಾಯದ ಎಲ್ಲರಿಗೂ ಗಂಡು ಹಾರ್ಮೋನನ್ನು ಅಡಗಿಸುವ ಇಂಜೆಕ್ಷನ್ ಮೊದಲು ಕೊಡುತ್ತಾರೆ. ಅದು ಶುರುವಾಗಿ ಎರಡು ಮೂರು ತಿಂಗಳ ಮೇಲೆ ವಿಕಿರಣ. ನವೆಂಬರಿನಲ್ಲಿ ಕಾಯಿಲೆ ಗೊತ್ತಾದರೆ ಇಂಜೆಕ್ಷನ್ ತೆಗೆದುಕೊಂಡು ಅರೇಬಿಕಾ ಕುಯ್ಲು ಮುಗಿಸಿ, ಒಣ ರಸ್ತೆಯಲ್ಲಿ ಫೆಬ್ರುವರಿಗೆ ಇಳಿಯಬಹುದು. ವೈದ್ಯರನ್ನು ಕೇಳಿ ಮಾಡಬೇಕಾದ ಹೊಂದಾಣಿಕೆ ಇದು. ‘ಕುಯ್ಲು ಮುಗೀಲಿ ನೋಡೋಣ’ ಎಂದು ಇಂಜೆಕ್ಷನ್ನೂ ಇಲ್ಲದೆ ಮುಂದೂಡುವುದು ಬೇರೆಯೇ ಮಾತು.

ಇಂಜೆಕ್ಷನ್ ಮಧ್ಯಮ ಅಪಾಯಕ್ಕೆ ಆರು ತಿಂಗಳು, ಹೆಚ್ಚು ಅಪಾಯಕ್ಕೆ ಒಂದೂವರೆಯಿಂದ ಮೂರು ವರ್ಷ. ಮೈ ಬಿಸಿಯೇರಿ ಬೆವರುವುದು, ಆಸೆ ಹೋಗುವುದು, ಹೊಟ್ಟೆ ಬರುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಇದರ ಪರಿಣಾಮಗಳು. ಅನೇಕರು ‘ಕರೆಂಟಿನಿಂದ ಹೀಗಾಯ್ತು’ ಎಂದುಕೊಳ್ಳುವ ಆಯಾಸದಲ್ಲಿ ಒಂದು ಪಾಲು ಇದರದ್ದೇ. ಖರ್ಚು ಉಳಿಸಲು ಇಂಜೆಕ್ಷನ್ ಬದಲು ವೃಷಣಗಳನ್ನೇ ತೆಗೆಯುವ ಸಣ್ಣ ಆಪರೇಷನ್ ನಮ್ಮಲ್ಲಿ ಸಾಮಾನ್ಯ. ಕಾಯಿಲೆ ಮೂಳೆಗೆ ಹರಡಿ ಜೀವನಪೂರ್ತಿ ಹಾರ್ಮೋನ್ ಅಡಗಿಸಬೇಕಾದವರಿಗೆ ಅದು ಒಳ್ಳೆಯ ದಾರಿ. ಆದರೆ ಆರು ತಿಂಗಳಷ್ಟೇ ಬೇಕಾದವರಿಗೆ ಅದನ್ನು ಮಾಡಿಸಿದರೆ ಹೋದದ್ದು ಮತ್ತೆ ಬರುವುದಿಲ್ಲ. ಎಷ್ಟು ತಿಂಗಳು ಬೇಕು ಎಂದು ಮೊದಲು ಕೇಳಿ, ಆಮೇಲೆ ಸಹಿ ಹಾಕಬೇಕು.

ಹಣದ ವಿಷಯದಲ್ಲಿ 2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದವರು ಅಲ್ಲಿಂದ ಮತ್ತೆ ಘಟ್ಟ ಹತ್ತಬೇಕಾಗುತ್ತದೆ. ಬೆಂಗಳೂರಿನ ಕಿದ್ವಾಯಿಗೆ ಹೋಗುವವರಿಗೆ ಅಲ್ಲೇ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆ ಇದೆ.

ಎರಡು ವರ್ಷದ ಮೇಲೆ ಬರುವ ರಕ್ತ

ಚಿಕಿತ್ಸೆ ಮುಗಿದು, ಮೂತ್ರ ಮಲ ಸರಿಹೋಗಿ, ಎಲ್ಲ ಮರೆತಿರುವ ಹೊತ್ತಿನಲ್ಲಿ, ಆರು ತಿಂಗಳಿಗೋ ಎರಡು ವರ್ಷಕ್ಕೋ ಒಂದು ಬೆಳಿಗ್ಗೆ ಮಲದ ಜೊತೆ ಕೆಂಪು ರಕ್ತ. ಗುದನಾಳದ ಮುಂಗೋಡೆಯಲ್ಲಿ ಕಿರಣ ತಾಗಿದ ಕಡೆ ಹುಟ್ಟಿಕೊಂಡ ಬಡಕಲು ರಕ್ತನಾಳಗಳು ಒಡೆದು ಹೀಗಾಗುತ್ತದೆ. ಬಹಳಷ್ಟು ಸಲ ತಾನಾಗಿ ನಿಲ್ಲುತ್ತದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಹೆಚ್ಚು. ನಿಲ್ಲದಿದ್ದರೆ ಸುಕ್ರಾಲ್ಫೇಟ್ ಎನಿಮಾ ಇದೆ, ಆರ್ಗಾನ್ ಅನಿಲ ಬಳಸಿ ಆ ನಾಳಗಳನ್ನು ಸುಡುವ ಚಿಕಿತ್ಸೆ ಇದೆ.

ಅಪಾಯ ಇರುವುದು ರಕ್ತದಲ್ಲಲ್ಲ, ಅದನ್ನು ಮೂಲವ್ಯಾಧಿ ಎಂದುಕೊಳ್ಳುವುದರಲ್ಲಿ. ‘ಪೈಲ್ಸ್ ಗ್ಯಾರಂಟಿ ಗುಣ’ ಎಂಬ ಬೋರ್ಡು ಇಲ್ಲದ ಬಸ್ ಸ್ಟ್ಯಾಂಡ್ ನಮ್ಮ ಸೀಮೆಯಲ್ಲಿಲ್ಲ. ವಿಕಿರಣ ಬಿದ್ದ ಜಾಗಕ್ಕೆ ಇಂಜೆಕ್ಷನ್ ಚುಚ್ಚಿದರೆ, ರಬ್ಬರ್ ಬ್ಯಾಂಡ್ ಹಾಕಿದರೆ, ದಾರ ಕಟ್ಟಿದರೆ ಗಾಯ ಮಾಯುವುದಿಲ್ಲ. ಹುಣ್ಣಾಗಿ ಗುದನಾಳಕ್ಕೂ ಮೂತ್ರನಾಳಕ್ಕೂ ತೂತು ಬೀಳುವವರೆಗೆ ಹೋಗಬಹುದು. ಕೊಲೊನೋಸ್ಕೋಪಿ ಮಾಡುವ ವೈದ್ಯರಿಗೂ ‘ನನಗೆ ಪ್ರಾಸ್ಟೇಟಿಗೆ ವಿಕಿರಣ ಆಗಿದೆ’ ಎಂದು ಮೊದಲೇ ಹೇಳಬೇಕು. ಗೊತ್ತಿಲ್ಲದೆ ಆ ಕೆಂಪು ಜಾಗದಿಂದ ಬಯಾಪ್ಸಿ ತೆಗೆದರೂ ಅದೇ ಗತಿ. ಡಿಸ್ಚಾರ್ಜ್ ಚೀಟಿಯ ನಕಲು ಒಂದನ್ನು ಕಾಫಿ ಬೋರ್ಡಿನ ಕಾಗದ, ಪಹಣಿಗಳ ಜೊತೆ ಭದ್ರವಾಗಿ ಇಟ್ಟುಕೊಳ್ಳಿ. ಈ ತೊಂದರೆ ತಗ್ಗಿಸಲೆಂದೇ ಪ್ರಾಸ್ಟೇಟಿಗೂ ಗುದನಾಳಕ್ಕೂ ನಡುವೆ ಆರು ತಿಂಗಳಲ್ಲಿ ಕರಗುವ ಜೆಲ್ ತುಂಬಿಸಿ ಒಂದು ಸೆಂಟಿಮೀಟರ್ ದೂರ ಸರಿಸುವ ಉಪಾಯ ಬಂದಿದೆ. ದೊಡ್ಡ ನಗರಗಳಲ್ಲಿ ಸಿಗುತ್ತದೆ, ದುಬಾರಿ. ಹಣ ಇದ್ದು, ರಕ್ತ ತೆಳುವಾಗಿಸುವ ಮಾತ್ರೆ ಬಿಡಲಾಗದವರು ವಿಚಾರಿಸಬಹುದು.

ಇನ್ನೊಂದು ಗಾಬರಿ ಪಿಎಸ್‌ಎಯದು. ಶಸ್ತ್ರಚಿಕಿತ್ಸೆ ಆದವರಂತೆ ಇದು ಸೊನ್ನೆಗೆ ಬರುವುದಿಲ್ಲ, ಗ್ರಂಥಿ ಒಳಗೇ ಇದೆಯಲ್ಲ. ಒಂದೂವರೆ ಎರಡು ವರ್ಷ ನಿಧಾನವಾಗಿ ಇಳಿಯುತ್ತದೆ, ನಡುವೆ ಒಮ್ಮೆ ತುಸು ಏರಿ ಮತ್ತೆ ಇಳಿಯುವುದೂ ಉಂಟು. ಅತ್ಯಂತ ಕೆಳಗೆ ಇಳಿದ ಅಂಕಿಗಿಂತ 2 ಹೆಚ್ಚಾದರೆ ಮಾತ್ರ ಕಾಯಿಲೆ ಮರಳಿತು ಎಂದು ಲೆಕ್ಕ. 0.4 ಇದ್ದದ್ದು 0.9 ಆಯಿತೆಂದು ರಾತ್ರೋರಾತ್ರಿ ಕಾರು ಮಾಡಿಕೊಂಡು ಇಳಿಯಬೇಕಾಗಿಲ್ಲ.

ಇಷ್ಟೆಲ್ಲ ಆಯ್ಕೆಯ ಮಾತು ಕಾಯಿಲೆ ಗ್ರಂಥಿಯ ಸುತ್ತಲೇ ಇರುವವರಿಗೆ. ಮೂಳೆಗೆ ಹರಡಿದ ಮೇಲೆ ಬಂದವರಿಗೂ ವಿಕಿರಣದಲ್ಲಿ ಒಂದು ಪಾಲಿದೆ. ಹರಡಿದ್ದು ಕೆಲವೇ ಕಡೆಯಾದರೆ ಪ್ರಾಸ್ಟೇಟಿಗೆ ವಿಕಿರಣ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ; ಸ್ಟ್ಯಾಂಪೀಡ್ ಅಧ್ಯಯನದಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ನೂರಕ್ಕೆ 73ರಿಂದ 81ಕ್ಕೆ ಏರಿದರು. ಬೆನ್ನಿನ, ಸೊಂಟದ ಮೂಳೆನೋವಿಗೆ 8 ಗ್ರೇಯ ಒಂದೇ ಒಂದು ಸಲ ಸಾಕು. ಹತ್ತು ದಿನ ಕೊಟ್ಟಷ್ಟೇ ನೋವು ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಬೆಳಿಗ್ಗೆ ಕಳಸ ಬಿಟ್ಟು ಸಂಜೆ ಮನೆ ಸೇರಬಹುದು. ನೋವು ಪೂರ್ತಿ ಇಳಿಯಲು ಎರಡು ಮೂರು ವಾರ ಬೇಕು, ಮೊದಲ ಒಂದೆರಡು ದಿನ ತುಸು ಹೆಚ್ಚೂ ಆಗಬಹುದು. ಐವರಲ್ಲಿ ಒಬ್ಬರಿಗೆ ಅದೇ ಜಾಗಕ್ಕೆ ಮುಂದೆ ಇನ್ನೊಮ್ಮೆ ಬೇಕಾಗುತ್ತದೆ. ಆದರೆ ಕಾಲು ಜೋಮು ಹಿಡಿದು ನಡೆಯಲು ತಡವರಿಸುವಂತಾದರೆ, ಮೂತ್ರ ಏಕಾಏಕಿ ನಿಂತರೆ, ಅದು ಬೆನ್ನುಹುರಿ ಒತ್ತಿಕೊಂಡ ಲಕ್ಷಣ. ಆಗ ಎಣ್ಣೆ ತಿಕ್ಕಿ ಬೆಳಗಾಗಲಿ ಎಂದು ಕಾಯಬಾರದು, ಅದೇ ದಿನ ಇಳಿಯಬೇಕು. ನಡಿಗೆ ಪೂರ್ತಿ ನಿಂತು ಒಂದೆರಡು ದಿನ ಕಳೆದರೆ, ವಿಕಿರಣ ಕೊಟ್ಟರೂ ಕಾಲಿಗೆ ಮತ್ತೆ ಬಲ ಬರುವುದು ಅಪರೂಪ.